ಎರಡು ರಾಜರು, ಒಂದು ಆದಿತ್ಯವಾರ

"ಈ ದೀಪಾವಳಿಗೆ ಭಾವನನ್ನು ಸೋಲಿಸಿ, ವರ್ಷದ ಅಷ್ಟೂ ಆದಿತ್ಯವಾರಗಳನ್ನು ಮೂಟೆ ಕಟ್ಟಿ ಡೊಂಬಿವಲಿಗೆ ತಾರದಿದ್ದರೆ ನನ್ನ ಹೆಸರು ಸುಮೇಧಾ ಅಲ್ಲ!"

ಹೀಗೆಂದು ಸುಮೇಧಾ ಘೋರ ಶಪಥ ಮಾಡಿದಾಗ ಅವಳ ಒಂದು ಕೈಯಲ್ಲಿ ರಾಗಿ ಮಣ್ಣಿಯ ಚಮಚವಿತ್ತು, ಇನ್ನೊಂದು ಕೈ ಮಗಳ ಬಾಯಿ ತೆರೆಸುವ ಪ್ರಯತ್ನದಲ್ಲಿತ್ತು. ಶಪಥ ಕೇಳಿ ಭೂಮಿಯೇನೂ ಕಂಪಿಸಲಿಲ್ಲ. ಕಿಟಕಿಯಾಚೆ ಕಲ್ಯಾಣ್ ಕಡೆಯ ಲೋಕಲ್ ರೈಲು ಹೋದದ್ದರಿಂದ ಕಪಾಟಿನ ಡಬ್ಬಿಗಳು ಸ್ವಲ್ಪ ಗಡಗಡ ಎಂದವು, ಅಷ್ಟೇ. ಮಗಳು ರಮಿತಾ, ಮನೆಯವರೆಲ್ಲರ ಬಾಯಲ್ಲಿ ಅಪ್ಪಿ, ಅಮ್ಮನ ವೀರವಾಣಿಗೆ ಕಿವಿಗೊಡದೆ ಹಿಂಗೈಯಿಂದ ಚಮಚವನ್ನು ತಳ್ಳಿದಳು. ಅದು ಅವಳದೇ ಒಂದು ವರಸೆ. ನೊಣ ಓಡಿಸುವ ಮಹಾರಾಣಿಯ ಹಾಗೆ, ನೋಡದೆಯೇ, ಹಿಂಗೈಯಿಂದ. ಮಣ್ಣಿ ಗೋಡೆಗೆ.

ಶಪಥದ ಹಿನ್ನೆಲೆ ಹೇಳದಿದ್ದರೆ ನಿಮಗೆ ಇದು ಹುಚ್ಚು ಅನ್ನಿಸೀತು. ಹೇಳಿದ ಮೇಲೂ ಅನ್ನಿಸಬಹುದು.

ಥಾಣೆಯ ನೌಪಾಡಾದಲ್ಲಿ ಸುಮೇಧಾಳ ಗಂಡ ಮುರಾರಿ ಮತ್ತು ಅವನ ಅಣ್ಣ ಮಧ್ವೇಶ ಸೇರಿ ನಡೆಸುವ ಶುದ್ಧ ಸಸ್ಯಾಹಾರಿ ಹೋಟೆಲು. ಅಣ್ಣನ ಸಂಸಾರ ಕಾಮೋಠೆಯಲ್ಲಿ, ತಮ್ಮನದು ಡೊಂಬಿವಲಿಯಲ್ಲಿ. ವಾರದ ಆರು ದಿನ ಅಣ್ಣ ತಮ್ಮ ಇಬ್ಬರೂ ಇಲ್ಲದೆ ಆ ಹೋಟೆಲಿನಲ್ಲಿ ಒಂದು ಇಡ್ಲಿಯೂ ಬೇಯದು. ಆಫೀಸಿನವರಿಗೆ ರಜೆ ಇರುವ ಆದಿತ್ಯವಾರ ಮಾತ್ರ ಗಲ್ಲಾದಲ್ಲಿ ಒಬ್ಬರು ಕೂತರೆ ಸಾಕು. ಹಾಗಾದರೆ ಮನೆಯಲ್ಲಿ ಉಳಿಯುವ ಆ ಭಾಗ್ಯವಂತ ಯಾರು?

ಈ ಪ್ರಶ್ನೆಗೆ ಉತ್ತರವನ್ನು ತೀರಿಹೋದ ಮಾವನವರೇ ಕಂಡುಹಿಡಿದಿಟ್ಟಿದ್ದರು. "ಆದಿತ್ಯವಾರಕ್ಕಾಗಿ ಜಗಳ ಮಾಡ್ಬೇಡಿ. ಪಾಡ್ಯದ ದಿನ ಇಸ್ಪೀಟು ಆಡಿ. ಗೆದ್ದವನಿಗೆ ವರ್ಷದ ಎಲ್ಲ ಆದಿತ್ಯವಾರ. ಗೆದ್ದದ್ದನ್ನು ದಾನ ಮಾಡ್ಲಿಕ್ಕಿಲ್ಲ, ಸೋತದ್ದಕ್ಕೆ ಅಳ್ಲಿಕ್ಕಿಲ್ಲ." ದಾನ ಮಾಡುವ ಹಾಗಿಲ್ಲ ಎಂದದ್ದು ದೂರಾಲೋಚನೆಯಿಂದ. ಇಲ್ಲದಿದ್ದರೆ ಅಣ್ಣ ಕೆಮ್ಮಿದರೆ ಸಾಕು, ತಮ್ಮ ಗೆದ್ದದ್ದನ್ನೆಲ್ಲ ಪಾದಕ್ಕೆ ಅರ್ಪಿಸಿ ಬರುವವನೆಂದು ಮಾವನಿಗೆ ಗೊತ್ತಿತ್ತು.

ಮದುವೆಯಾದಂದಿನಿಂದ ಪ್ರತಿ ವರ್ಷ ಮುರಾರಿ ಸೋಲುತ್ತಲೇ ಬಂದಿದ್ದ. ಅವನ ಮುಖವೆಂದರೆ ಹೋಟೆಲಿನ ಗಾಜಿನ ಕಪಾಟು. ಒಳಗೆ ಏನಿದೆ, ಎಷ್ಟಿದೆ, ನಿನ್ನೆಯದೋ ಇಂದಿನದೋ ಎಲ್ಲವೂ ರಸ್ತೆಗೆ ಕಾಣುತ್ತದೆ. ಒಳ್ಳೆಯ ಎಲೆ ಬಂದರೆ ಕಿವಿ ಕೆಂಪಾಗುತ್ತದೆ. ಅದಕ್ಕಿಂತ ದೊಡ್ಡ ರೋಗ ಇನ್ನೊಂದಿತ್ತು. ಅಣ್ಣ ಪಣ ಏರಿಸಿದ ಕೂಡಲೇ ಕೈಯಲ್ಲಿ ಎಂಥ ಬಲವಾದ ಎಲೆಯಿದ್ದರೂ ಮಡಚಿಟ್ಟುಬಿಡುತ್ತಿದ್ದ.

"ಯಾಕೆ ಮಡಚಿದ್ರಿ? ಮೂರು ರಾಣಿ ಇತ್ತಲ್ಲ!" ಎಂದು ಸುಮೇಧಾ ತಲೆ ಚಚ್ಚಿಕೊಂಡರೆ, "ಅಣ್ಣ ಅಷ್ಟು ಇಟ್ಟ ಮೇಲೆ ನಾನು ಎದುರು ಮಾತಾಡುದು ಹೇಗೆ ಮಾರಾಯ್ತಿ?" ಎನ್ನುತ್ತಿದ್ದ.

ಇಷ್ಟು ದಿನ ಅದು ನಗುವ ವಿಷಯವೇ ಆಗಿತ್ತು. ಅಪ್ಪಿ ಹುಟ್ಟಿದ ಮೇಲೆ ಹಾಗಲ್ಲ. ಮುರಾರಿ ಮೊದಲ ಲೋಕಲಿಗೆ ಹೋಗುವಾಗ ಅವಳಿಗೆ ನಿದ್ದೆ, ಕೊನೆಯ ಲೋಕಲಿಗೆ ಬರುವಾಗಲೂ ನಿದ್ದೆ. ಹಾಲಿನವನನ್ನು, ಲಿಫ್ಟಿನವನನ್ನು, ಎದುರು ಮನೆಯ ನಾಯಿಯನ್ನು ಹೆಸರು ಹಿಡಿದು ಕರೆಯುವ ಒಂದೂವರೆ ವರ್ಷದ ಹುಡುಗಿ, ಹೆತ್ತ ತಂದೆಯನ್ನು ಕರೆಯುವುದು ಮಾತ್ರ "ಅಂಕಲ್". ಅವನು ಎತ್ತಿಕೊಂಡರೆ "ಅಂಕಲ್ ನಕೋ!" ಅಂದರೆ ಅಂಕಲ್ ಬೇಡ ಎಂದು ಅಪ್ಪಟ ಡೊಂಬಿವಲಿ ಮರಾಠಿಯಲ್ಲಿ ಕಿರುಚಿ ಕಟ್ಟಡವನ್ನೇ ಎಬ್ಬಿಸುತ್ತಿದ್ದಳು. ಮುರಾರಿ ನಗುತ್ತಲೇ ಮಗುವನ್ನು ಕೆಳಗಿಳಿಸುತ್ತಿದ್ದ. ಆದರೆ ಗಾಜಿನ ಕಪಾಟಲ್ಲವೇ? ಒಳಗಿನದು ಸುಮೇಧಾಳಿಗೆ ಕಾಣುತ್ತಿತ್ತು.

ಆದ್ದರಿಂದ ಶಪಥ. ಪ್ರತಿ ಮನೆಯಿಂದ ಒಬ್ಬರು ಆಡಬೇಕು ಎಂದಷ್ಟೇ ಮಾವನ ನಿಯಮ. ಆ ಒಬ್ಬರು ಗಂಡಸೇ ಆಗಬೇಕೆಂದು ಎಲ್ಲಿ ಹೇಳಿದೆ?

ಆಟವೇನೋ ಮೊದಲಿನದಲ್ಲ. ಮಧ್ವೇಶನ ಕಾಲೇಜು ಓದುವ ಮಗ ಸಾತ್ವಿಕ ಮೂರು ವರ್ಷದ ಹಿಂದೆಯೇ, "ರಮ್ಮಿ ಬೋರ್ ಹೈ ಅಜ್ಜಿ, ಪೋಕರ್ ಖೇಲತೇ ಹೈ" ಎಂದು ಆಟವನ್ನೇ ಬದಲಿಸಿಬಿಟ್ಟಿದ್ದ. ಆಡುವವರಿಗೆ ಎರಡೆರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಕಾಣುವ ಐದು ಎಲೆ. ಕಾಣುವ ಎಲೆ ಬೀಳುತ್ತ ಹೋದಂತೆ ಪಣ ಏರುತ್ತದೆ. ಹೆದರಿದವನು ಎಲೆ ಮಡಚಿ ಪಣ ಬಿಟ್ಟುಕೊಡಬಹುದು. ಕೊನೆಯವರೆಗೂ ಉಳಿದರೆ ದೊಡ್ಡ ಜೋಡಣೆ ಯಾರದೋ ಅವರದೇ ಪಣ.

ಸುಮೇಧಾ ಫೋನಿನಲ್ಲಿ ಗುರುವನ್ನು ಹುಡುಕಿದಳು. ಸಿಕ್ಕಿದವರು ನೀಲಿ ಟೋಪಿ ಹಾಕಿಕೊಂಡು ಹಿಂದಿಯಲ್ಲಿ ಪಾಠ ಹೇಳುವ ಒಬ್ಬ ಮಾಸ್ತರರು. ಮಧ್ಯಾಹ್ನ ಅಪ್ಪಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಕುಕ್ಕರಿನ ಸೀಟಿಗೆ. ಹೀಗೆ ಅವಳ ಗುರುಕುಲವಾಸ ನಡೆಯಿತು. ಮಾಸ್ತರರ ಅತಿ ಮುಖ್ಯ ಪಾಠ ಇದು: ನೀವು ಏರಿಸಿದಿರಿ, ಎದುರಾಳಿ ಅದರ ಮೇಲೆ ಏರಿಸಿದ, ನೀವು ಮತ್ತೂ ಏರಿಸಿದಿರಿ. ಆಗ ಪಣ ಹಾಕುವ ನಡುವಿನ ತಟ್ಟೆ ಆಗಲೇ ಉಬ್ಬಿದೆ. ಕೈಯಲ್ಲಿ ಬಲವಾದ ಜೋಡಿಯಿದ್ದರೆ ಇನ್ನು ಬಿಲದಲ್ಲಿ ಅಡಗಿ ಕೂರಬೇಡಿ! ಮೊದಲು ತಟ್ಟೆಯ ಮೂರನೇ ಒಂದರಷ್ಟು ಮಾತ್ರ ಇಡಿ, ಎದುರಾಳಿ ಹೆದರಿ ಓಡಬಾರದು. ಮುಂದಿನ ಎಲೆಗೆ ಉಳಿದದ್ದೆಲ್ಲ ಒಳಗೆ. ಹೆದರಿ ಮಡಚುವವನಿಗೆ ಒಳ್ಳೆಯ ಎಲೆ ಬಂದೂ ವ್ಯರ್ಥ.

"ಇದು ನಿಮಗಾಗಿಯೇ ಹೇಳಿದ್ದು" ಎಂದಳು ಗಂಡನಿಗೆ.

"ಆ ಟೋಪಿಯವರಿಗೆ ಅಣ್ಣ ಇಲ್ಲ, ಅದಕ್ಕೆ ಹೇಳ್ತಾರೆ" ಎಂದ ಮುರಾರಿ.

ವಿದ್ಯೆಯನ್ನು ಅವಳು ಮೊದಲು ಪ್ರಯೋಗಿಸಿದ್ದು ಸ್ಟೇಷನ್ ಬಳಿಯ ತರಕಾರಿಯವಳ ಮೇಲೆ. ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ಚೌಕಾಶಿ ಶುರು. ಅವಳು ಒಂದು ದರ ಹೇಳಿದಳು, ಇವಳು ಅದೇ ದರಕ್ಕೆ ಎರಡು ಕಟ್ಟು ಕೇಳಿದಳು, ಅವಳು ನಾಲ್ಕು ಕಟ್ಟು ಕೊಂಡರೆ ಕಡಿಮೆ ಮಾಡುವೆ ಎಂದಳು. ಇವಳು ಕಣ್ಣು ಮಿಟುಕಿಸದೆ, "ಸಗಳೀ!" ಎಂದುಬಿಟ್ಟಳು. ಎಲ್ಲವೂ! ಎದುರಾಳಿ ಹೆದರಿ ಹಿಂಜರಿಯಬೇಕಿತ್ತು, ಶಾಸ್ತ್ರದ ಪ್ರಕಾರ. ಆ ಹೆಂಗಸು ಶಾಸ್ತ್ರ ಓದಿರಲಿಲ್ಲ. ಬುಟ್ಟಿಯನ್ನೇ ಮಗುಚಿ, ಕೈ ಕೊಡವಿ, ಮನೆಗೆ ಹೋದಳು. ಆ ವಾರವಿಡೀ ಮನೆಯಲ್ಲಿ ಮೆಂತ್ಯದ ದೋಸೆ, ಮೆಂತ್ಯದ ತಂಬುಳಿ, ಮೆಂತ್ಯದ ಚಪಾತಿ. ವಾರದ ಕೊನೆಗೆ ಮುರಾರಿ ನೀರಿನ ಲೋಟವನ್ನೂ ಮೂಸಿ ನೋಡಿ ಕುಡಿಯುತ್ತಿದ್ದ.

ಗುರುಕುಲದಲ್ಲಿ ಇನ್ನೊಬ್ಬ ಶಿಷ್ಯೆಯೂ ತಯಾರಾಗುತ್ತಿದ್ದಳು. ಮಡಿಲಲ್ಲಿ ಕೂತ ಅಪ್ಪಿಗೂ ಎಲೆಗಳ ಹುಚ್ಚು ಹಿಡಿಯಿತು. ಗಡ್ಡ ಮೀಸೆಯ ರಾಜನನ್ನು ಕಂಡರೆ ಅವಳಿಗೆ ಗೋಡೆಯ ಮೇಲಿನ ಅಜ್ಜನ ಫೋಟೊ ನೆನಪಾಗುತ್ತಿತ್ತು. ಮಾವನವರದೂ ಅದೇ ಗಡ್ಡ, ಅದೇ ಮೀಸೆ, ಹಳದಿ ಮುಂಡಾಸು. "ಅಜ್ಜನಿಗೆ ಚಾಮಿ ಮಾಡು" ಎಂದು ದಿನಾ ಬೆಳಿಗ್ಗೆ ಹೇಳಿಕೊಟ್ಟದ್ದು ಫಲಿಸಿ, ರಾಜನ ಎಲೆ ಕಂಡ ಕೂಡಲೇ ಎರಡೂ ಕೈ ಜೋಡಿಸಿಬಿಡುತ್ತಿದ್ದಳು. ಎರಡು, ಮೂರು, ನಾಲ್ಕರಂಥ ಬಡಪಾಯಿ ಎಲೆಗಳಿಗೆ ಮಾತ್ರ ಆ ಮಣ್ಣಿ ಚಮಚದ ಹಿಂಗೈ! ಸುಮೇಧಾ ಇದನ್ನು ಕಂಡು ಹಿಗ್ಗಿದಳು, ಮೊಬೈಲಿನಲ್ಲಿ ಚಿತ್ರ ತೆಗೆದಳು, ತವರಿಗೆ ಕಳಿಸಿದಳು. ಇದರಲ್ಲಿ ಅಪಾಯ ಅಡಗಿದೆಯೆಂದು ಅವಳಿಗೆ ಹೊಳೆಯಲೇ ಇಲ್ಲ. ಹೆತ್ತವರ ಕಣ್ಣಿಗೆ ಮಕ್ಕಳ ಬುದ್ಧಿವಂತಿಕೆ ಕಾಣುವಷ್ಟು ಬೇರೇನೂ ಕಾಣುವುದಿಲ್ಲ ನೋಡಿ.

ಬಲಿಪಾಡ್ಯ ಬಂತು. ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ಹೋಟೆಲಿನ ಶಟರನ್ನು ಅರ್ಧ ಇಳಿಸಿ, ಎರಡು ಮೇಜು ಜೋಡಿಸಿದರು. ಗಲ್ಲಾದ ಎತ್ತರದ ಕುರ್ಚಿಯಲ್ಲಿ ತೀರ್ಪುಗಾರ್ತಿಯಾಗಿ ಅತ್ತೆ ವೇದಾವತಿ. ಅವರ ತಲೆಯ ಮೇಲೆ ಮಾಲೆ ಹಾಕಿದ ಮಾವನ ಫೋಟೊ. ಎಲೆ ಹಂಚಲು ಸಾತ್ವಿಕ. ಪಣಕ್ಕೆ ಹೋಟೆಲಿನದೇ ಪ್ಲಾಸ್ಟಿಕ್ ಟೋಕನ್ನುಗಳು: ಹಳದಿಯದು ಚಹಾ, ಕೆಂಪು ಇಡ್ಲಿ, ನೀಲಿ ದೋಸೆ, ಎಲ್ಲಕ್ಕಿಂತ ದೊಡ್ಡದು ಹಸಿರು, ಊಟ. ನಡುವೆ ಟೋಕನ್ ಹಾಕಲು ಒಂದು ಸ್ಟೀಲಿನ ತಟ್ಟೆ. ಒಬ್ಬರ ಟೋಕನ್ ಪೂರ್ತಿ ಖಾಲಿಯಾದರೆ ಆಟ ಮುಗಿಯಿತು.

ಎದುರು ಮಧ್ವೇಶ ಭಾವ. ಜೇಬಿನಲ್ಲಿ ಪೆನ್ನು, ಹಣೆಯಲ್ಲಿ ಗಂಧ, ಮುಖದಲ್ಲಿ ಶೂನ್ಯ. ಸಾಲ ಕೇಳುವ ಗಿರಾಕಿಯನ್ನೂ ಎಂಟು ದೋಸೆ ಪಾರ್ಸೆಲ್ ಕೇಳುವ ಗಿರಾಕಿಯನ್ನೂ ಒಂದೇ ರೀತಿ ನೋಡಬಲ್ಲ ಆ ಮುಖದಿಂದ ಏನನ್ನಾದರೂ ಓದುವುದೆಂದರೆ ಬಿಳಿ ಗೋಡೆ ಓದಿದ ಹಾಗೆ.

"ಓಹೋ, ಈ ಸಲ ನೀನಾ?" ಎಂದರು ಭಾವ.

"ಹೌದು ಭಾವ. ತಪ್ಪು ತಿಳ್ಕೊಳ್ಬೇಡಿ, ಇವತ್ತು ನಿಮ್ಮನ್ನು ಬಿಡುದಿಲ್ಲ."

"ಆಗ್ಲಿ ಆಗ್ಲಿ" ಎಂದರು. ಆ ದನಿಯಲ್ಲಿ ಎಂಥದೋ ಒಂದು ಆಸೆ ಇಣುಕಿದ ಹಾಗಿತ್ತು. ಸುಮೇಧಾ ಅದನ್ನು ಅಹಂಕಾರವೆಂದು ಬರೆದುಕೊಂಡಳು, ಮನಸ್ಸಿನಲ್ಲೇ.

ಅಪ್ಪಿ ಅಮ್ಮನ ಮಡಿಲು ಬಿಟ್ಟು ಇಳಿಯಲೊಲ್ಲಳು. ಮುರಾರಿ ಕೈ ಚಾಚಿದ. "ಅಂಕಲ್ ನಕೋ!" ಸರಿ, ಮಡಿಲಲ್ಲೇ ಆಯಿತು ರಥಾರೋಹಣ.

ಆಹಾ, ಆಮೇಲಿನ ಅರ್ಧ ಗಂಟೆ! ಸುಮೇಧಾ ಇಡ್ಲಿ ಇಟ್ಟರೆ ಭಾವ ದೋಸೆ ಇಡುತ್ತಿದ್ದರು, ಕೊನೆಗೆ ನೋಡಿದರೆ ಅವರ ಕೈಯಲ್ಲಿ ಏನೂ ಇಲ್ಲ, ತಟ್ಟೆ ಅವಳಿಗೆ! ಅವಳ ಕೈಯಲ್ಲಿ ಕಸವಿದ್ದಾಗ ಸುಮ್ಮನೆ ಧೈರ್ಯ ಮಾಡಿ ಒಂದು ದೋಸೆ ಇಟ್ಟರೆ ಸಾಕು, ಭಾವ ತಣ್ಣಗೆ ಎಲೆ ಮಡಚುತ್ತಿದ್ದರು. ಇವಳ ಕೈಯಲ್ಲಿ ಒಳ್ಳೆಯದಿದ್ದಾಗ ಸುರಿಯುತ್ತಾರೆ, ಇಲ್ಲದಾಗ ಓಡುತ್ತಾರೆ. ಸಾಕ್ಷಾತ್ ಪಠ್ಯಪುಸ್ತಕದ ಮೂರ್ಖ ಎದುರಾಳಿ! ಸುಮೇಧಾಳ ಮುಂದೆ ಟೋಕನ್ನುಗಳ ಗುಡ್ಡೆ ಬೆಳೆಯಿತು. ಮನಸ್ಸಿನಲ್ಲೇ ನೀಲಿ ಟೋಪಿಯ ಮಾಸ್ತರರಿಗೆ ಉದ್ದಂಡ ನಮಸ್ಕಾರ ಹಾಕಿದಳು.

"ಕಾಕೀ, ತುಮ್ ತೋ ಫಾಯರ್ ಹೋ!" ಎಂದ ಸಾತ್ವಿಕ.

"ಇದೆಲ್ಲ ಅಭ್ಯಾಸದ ಫಲ ಮಗಾ" ಎಂದಳು ಸುಮೇಧಾ, ವಿನಯದ ಲವಲೇಶವೂ ಇಲ್ಲದೆ. ಹಿಂದೆ ನಿಂತ ಮುರಾರಿಯ ಕಿವಿಗಳು ಸಂತೋಷದಿಂದ ಟೊಮೆಟೊ ಆಗಿದ್ದವು.

ಆಗ ಗಲ್ಲಾದ ಮೇಲಿಂದ ಅತ್ತೆ ಅಪ್ಪಿಯನ್ನು ಮೆಚ್ಚಿ ನುಡಿದರು: "ಎಷ್ಟು ಭಕ್ತಿ ನೋಡು ಈ ಮಗುವಿಗೆ! ಆಗಿಂದ ಅಜ್ಜನ ಫೋಟೊಕ್ಕೆ ಕೈ ಮುಗಿತಾನೇ ಉಂಟು."

ಸುಮೇಧಾ ಫೋಟೊ ನೋಡಿದಳು. ಮಗಳನ್ನು ನೋಡಿದಳು. ಮಗಳು ನೋಡುತ್ತಿದ್ದದ್ದು ಫೋಟೊವನ್ನಲ್ಲ. ಅಮ್ಮನ ಕೈಯಲ್ಲಿದ್ದ ಇಸ್ಪೀಟು ರಾಜನನ್ನು!

ಅಯ್ಯೋ ರಾಮ! ಇಷ್ಟು ಹೊತ್ತು ತನ್ನ ಎಲೆಗಳನ್ನೆಲ್ಲ ಈ ಬೊಂಬಾಯಿ ಆಕಾಶವಾಣಿ ಊರಿಗೆಲ್ಲ ಬಿತ್ತರಿಸುತ್ತಿತ್ತೇ? ಕಳ್ಳಗಣ್ಣಿನಿಂದ ಭಾವನನ್ನು ನೋಡಿದಳು. ಸಂಶಯವೇ ಇಲ್ಲ! ಅವರು ಅವಳ ಮುಖ ನೋಡುತ್ತಿರಲಿಲ್ಲ, ಮಗುವಿನ ಕೈಗಳನ್ನೇ ನೋಡುತ್ತಿದ್ದರು. ಹಾಗಾದರೆ ಗೊತ್ತಿದ್ದೂ ಸೋಲುತ್ತಿರುವುದೇಕೆ? ಉತ್ತರ ಸರ್ರನೆ ಹೊಳೆಯಿತು. ಬಲೆ! ಚಿಲ್ಲರೆ ತಟ್ಟೆಗಳನ್ನು ಬಿಟ್ಟುಕೊಟ್ಟು, ಕೊನೆಗೆ ಒಂದೇ ಏಟಿಗೆ ನುಂಗುವ ಘಟಸರ್ಪದ ತಂತ್ರ!

"ಇಲ್ಲಿ ಕೇಳಿ, ಮಗುವನ್ನು ಹಿಡ್ಕೊಳ್ಳಿ" ಎಂದು ಗಂಡನ ಕೈಗೆ ತುರುಕಿದಳು.

"ಅವಳು ಅಳ್ತಾಳೆ ಮಾರಾಯ್ತಿ."

"ಅಳ್ಲಿ! ಗ್ರೈಂಡರ್ ತೋರ್ಸಿ, ಬೆಕ್ಕು ತೋರ್ಸಿ, ಏನಾದ್ರೂ ತೋರ್ಸಿ!"

ಅಪ್ಪಿ ಅತ್ತಳು. ಶಟರ್ ನಡುಗುವಂತೆ ಅತ್ತಳು. ಮುರಾರಿ ಅವಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಗ್ರೈಂಡರ್ ತೋರಿಸಿದ, ಲೋಟಗಳನ್ನು ಬಡಿದು ಜಲತರಂಗ ನುಡಿಸಿದ, ತಾನೇ ಬೆಕ್ಕಾಗಿ ಮಿಯಾಂವ್ ಎಂದ. "ಅಂಕಲ್ ನಕೋ! ನಕೋ!" ಒಳಗಿನಿಂದ ಬರುತ್ತಿದ್ದ ಆ ಒಂದೊಂದು ಕೂಗೂ ಸುಮೇಧಾಳ ಎದೆಗೆ ಚುಚ್ಚುತ್ತಿತ್ತು. ಇದಕ್ಕಾಗಿಯೇ ಅಲ್ಲವೇ ಆಡುತ್ತಿರುವುದು? ಹಲ್ಲು ಕಚ್ಚಿ ಎಲೆ ಎತ್ತಿಕೊಂಡಳು.

ವಿಚಿತ್ರವೆಂದರೆ, ಮಗು ಎದ್ದು ಹೋದ ಮೇಲೆ ಭಾವ ಕುರುಡರ ಹಾಗೆ ಆಡತೊಡಗಿದರು. ಇಡಬಾರದಲ್ಲಿ ಇಟ್ಟರು, ಮಡಚಬಾರದಲ್ಲಿ ಮಡಚಿದರು, ನಡುನಡುವೆ ಕತ್ತು ಉದ್ದ ಮಾಡಿ ಅಡುಗೆಮನೆಯ ಕಡೆ ನೋಡಿದರು. ಅದಕ್ಕಿಂತ ವಿಚಿತ್ರವೆಂದರೆ, ಹಾಗೆ ಆಡಿಯೂ ಗೆದ್ದರು! ಒಂದರ ಹಿಂದೊಂದು ತಟ್ಟೆ ಅವರ ಕಡೆಗೆ ಜಾರಿತು. ಗೆದ್ದಾಗಲೆಲ್ಲ ಅವರು ನಿಟ್ಟುಸಿರು ಬಿಡುತ್ತಿದ್ದರು. ಸುಮೇಧಾಳ ಗುಡ್ಡೆ ಕರಗಿ, ಇಬ್ಬರ ಮುಂದೆಯೂ ಸಮ ಸಮವಾಯಿತು.

"ಮಗು ಪಾಪ, ಅಳ್ತಾ ಉಂಟು. ಕರ್ಕೊಂಡು ಬಾ ಮುರಾರಿ" ಎಂದರು ಭಾವ ಅತಿ ಕರುಣೆಯಿಂದ.

"ಬೇಡ ಭಾವ, ಅಲ್ಲೇ ಇರ್ಲಿ!"

"ಎಂತ ಹೆಣ್ಣೇ, ಮಗುವಿಗಿಂತ ಇಸ್ಪೀಟು ಹೆಚ್ಚಾ?" ಅತ್ತೆಯ ತೀರ್ಪು ಮೇಲಿಂದ ಬಂತು. ಮೇಲ್ಮನವಿಗೆ ಅವಕಾಶವಿಲ್ಲ. ಅಪ್ಪಿ ಮಡಿಲಿಗೆ ಮರಳಿದಳು. ಬಂದ ಕೂಡಲೇ ಅಳು ನಿಂತಿತು. ಮುರಾರಿ ಒದ್ದೆಯಾದ ಅಂಗಿಯ ಹೆಗಲನ್ನು ಒರೆಸಿಕೊಳ್ಳುತ್ತ ಸ್ವಲ್ಪ ದೂರದಲ್ಲಿ ನಿಂತ.

ಸಾತ್ವಿಕ ಎಲೆ ಹಂಚಿದ. ಸುಮೇಧಾ ಈ ಸಲ ಜಾಣೆ. ಮಗುವನ್ನು ಎದೆಗವಚಿ ಹಿಂದಕ್ಕೆ ಮುಖ ಮಾಡಿಸಿ, ಎಲೆಗಳನ್ನು ಅಂಗೈಯಲ್ಲಿ ಮುಚ್ಚಿ, ಮೂಲೆ ಮಾತ್ರ ಎತ್ತಿ ನೋಡಿದಳು. ಆಟೀನು ರಾಜ! ಪಕ್ಕದಲ್ಲಿ? ಕಳಾವರ್ ರಾಜ!

ಎರಡು ರಾಜರು! ಎರಡು ಎಕ್ಕಗಳನ್ನು ಬಿಟ್ಟರೆ ಇದಕ್ಕಿಂತ ಬಲವಾದ ಜೋಡಿ ಈ ಭೂಮಂಡಲದಲ್ಲಿಲ್ಲ! ಅವಳು ಉಸಿರು ಬಿಗಿ ಹಿಡಿದಳು. ಮುಖವನ್ನು ಹಿಟ್ಟಿನ ಉಂಡೆಯ ಹಾಗೆ ಮಾಡಿಕೊಂಡಳು. ಅಷ್ಟರಲ್ಲಿ ಕಂಕುಳ ಸಂದಿಯಿಂದ ಒಂದು ಪುಟ್ಟ ತಲೆ ಇಣುಕಿತು. ಎಲೆಯ ಮೂಲೆ ನೋಡಿತು. ತಿರುಗಿ ಕೂತು, ಭಾವನ ಕಡೆಗೆ ಮುಖ ಮಾಡಿ, ಭಕ್ತಿಯಿಂದ ಕೈ ಮುಗಿಯಿತು. ಇಳಿಸಿತು. ಮತ್ತೆ ಮುಗಿಯಿತು!

ಮುಗಿಯಿತು ಕಥೆ ಎಂದುಕೊಂಡಳು ಸುಮೇಧಾ. ಭಾವ ಈಗ ಎಲೆ ಮಡಚುತ್ತಾರೆ, ರಾಜರಿಬ್ಬರೂ ಉಪವಾಸ. ಆದರೂ ಧೈರ್ಯ ಮಾಡಿ, "ಒಂದು ದೋಸೆ" ಎಂದು ನೀಲಿ ಟೋಕನ್ ಇಟ್ಟಳು.

ಭಾವನ ಬಿಳಿ ಗೋಡೆಯಂಥ ಮುಖದಲ್ಲಿ ದೀಪ ಹತ್ತಿತು. "ದೋಸೆಯ ಮೇಲೆ ಊಟ!" ಎಂದರು.

ರಾಜರಿದ್ದಾರೆಂದು ಗೊತ್ತಾದ ಮೇಲೂ ಏರಿಸುತ್ತಾರೆಂದರೆ, ಅವರ ಹತ್ತಿರ ಎರಡು ಎಕ್ಕಗಳಿರಲೇಬೇಕು! ಮಡಚಲೇ? ಮುರಾರಿಯಾಗಿದ್ದರೆ ಇಷ್ಟು ಹೊತ್ತಿಗೆ ಮಡಚಿ, ಕ್ಷಮೆ ಕೇಳಿ, ಅಣ್ಣನಿಗೆ ಕಾಫಿ ತಂದು ಕೊಡುತ್ತಿದ್ದ. ಹಿಂದೆ ತಿರುಗಿ ನೋಡಿದಳು. ಒದ್ದೆ ಹೆಗಲಿನ ಗಂಡ ಕಣ್ಣಲ್ಲೇ, ಬಿಡು ಮಾರಾಯ್ತಿ, ಅಂದ.

ಬಿಡುವುದೇ? ಹೆದರಿ ಮಡಚುವವನಿಗೆ ಒಳ್ಳೆಯ ಎಲೆ ಬಂದೂ ವ್ಯರ್ಥ!

"ಮೂರು ಊಟ!" ಎಂದು ಗುಡುಗಿದಳು.

"ಆಯ್ತು" ಎಂದರು ಭಾವ, ಮದುವೆಗೆ ಒಪ್ಪಿದ ಹುಡುಗಿಯ ಹಾಗೆ ಮೆಲ್ಲಗೆ.

ಮೇಜಿನ ಮೇಲೆ ಮೂರು ಎಲೆ ಬಿದ್ದವು: ಒಂಬತ್ತು, ಗುಲಾಮ, ಐದು. ಮಾಸ್ತರರ ಅಪ್ಪಣೆಯಂತೆ ಸುಮೇಧಾ ತಟ್ಟೆಯ ಮೂರನೇ ಒಂದರಷ್ಟು ಇಟ್ಟಳು. ಭಾವ ಕಣ್ಣು ಮಿಟುಕಿಸದೆ ಅಷ್ಟೇ ಹಾಕಿದರು. ನಾಲ್ಕನೆಯ ಎಲೆ, ಒಂದು ಯಕಶ್ಚಿತ್ ಎರಡು. ಅಪ್ಪಿ ಅದನ್ನು ಹಿಂಗೈಯಿಂದ ತಳ್ಳಲು ನೋಡಿದಳು.

ಸುಮೇಧಾ ಎದ್ದು ನಿಂತಳು. ಚಹಾ, ಇಡ್ಲಿ, ದೋಸೆ, ಊಟ, ಎಲ್ಲವನ್ನೂ ಎರಡೂ ಕೈಯಿಂದ ತಟ್ಟೆಗೆ ತಳ್ಳಿದಳು. "ಎಲ್ಲವೂ ಒಳಗೆ!"

"ನನ್ನದೂ!" ಎಂದರು ಭಾವ, ಮಾತು ಮುಗಿಯುವ ಮೊದಲೇ. ಟೋಕನ್ನುಗಳು ಉಕ್ಕಿ ನೆಲಕ್ಕೆ ಚೆಲ್ಲಿದವು. "ಎಲೆ ಬಿಚ್ಚಿ" ಎಂದರು ಅತ್ತೆ.

ಸುಮೇಧಾ ರಾಜರನ್ನು ಬಿಚ್ಚಿದಳು. ಅಪ್ಪಿ ಕೈ ಮುಗಿದಳು. ಭಾವ ತಮ್ಮ ಎಲೆ ಬಿಚ್ಚಿದರು.

ಏಳು. ಎರಡು.

ಸಾತ್ವಿಕನ ಬಾಯಿ ತೆರೆದೇ ಇತ್ತು. "ಪಪ್ಪಾ, ಯೇ ಕ್ಯಾ ಹೈ? ಇದಕ್ಕಿಂತ ಕೆಟ್ಟ ಎಲೆ ಆಟದಲ್ಲೇ ಇಲ್ಲ!"

ಎಕ್ಕವಿಲ್ಲ! ಬಲೆಯಿಲ್ಲ! ಭಾವನ ಹತ್ತಿರ ಬರೀ ಎರಡರ ಬಡ ಜೋಡಿ! ಸುಮೇಧಾ ಮಗಳನ್ನೆತ್ತಿ ಕುಣಿದಳು. ಮುರಾರಿ ಫೋಟೊದ ಕಡೆ ತಿರುಗಿ, "ಅಪ್ಪಯ್ಯಾ!" ಎಂದ. ಅತಿ ವಿಚಿತ್ರವಾದದ್ದೆಂದರೆ ಭಾವನೂ ನಗುತ್ತಿದ್ದರು. ಬಾಯಿ ತುಂಬ, ಹಲ್ಲು ಕಾಣುವ ಹಾಗೆ.

"ಇನ್ನೊಂದು ಎಲೆ ಉಂಟು" ಎಂದರು ಅತ್ತೆ.

"ಅರೆ ಅಜ್ಜಿ, ಅದು ಬರೀ ಫಾರ್ಮಾಲಿಟಿ" ಎಂದು ಸಾತ್ವಿಕ ಕೊನೆಯ ಎಲೆ ಬಿಚ್ಚಿದ.

ಎರಡು.

ಇನ್ನೂ ಒಂದು ಎರಡು! ಭಾವನ ಬಳಿ ಈಗ ಮೂರು ಎರಡುಗಳು! ಮೂರು ಚಿಲ್ಲರೆ ಎಲೆಗಳು ಸೇರಿ ಇಬ್ಬರು ಕಿರೀಟಧಾರಿಗಳನ್ನು ಸಿಂಹಾಸನದಿಂದ ಉರುಳಿಸಿದ್ದವು!

"ಅಯ್ಯಯ್ಯೋ!" ಎಂಬ ಆರ್ತನಾದ ಹೋಟೆಲನ್ನು ನಡುಗಿಸಿತು.

ಕೂಗಿದವಳು ಸುಮೇಧಾ ಅಲ್ಲ. ಕೂಗಿದವರು ಭಾವ!

"ಪುನಃ ಗೆದ್ದೆನಾ! ಅಯ್ಯೋ ದೇವರೇ, ಈ ವರ್ಷವೂ ಗೆದ್ದೆನಾ!" ಎಂದು ತಲೆಗೆ ಕೈ ಹೊತ್ತು ಕುಸಿದು ಕೂತರು. "ಮೂರು ವರ್ಷದಿಂದ ಸೋಲ್ಲಿಕ್ಕೆ ನೋಡ್ತಾ ಇದ್ದೇನೆ ಮಾರಾಯ್ತಿ! ಕೈಯಲ್ಲಿ ಏನೂ ಇಲ್ಲದೆ ಊಟದ ಮೇಲೆ ಊಟ ಇಡ್ತೇನೆ. ಈ ಮುರಾರಿ, ದಡ್ಡ, ಮೂರು ರಾಣಿ ಇಟ್ಕೊಂಡು ಮಡಚ್ತಾನೆ! ಇವತ್ತಾದ್ರೂ ಸೋಲುವ ಅಂತ ಮಗುವಿನ ಕೈ ನೋಡಿ ನೋಡಿ ಟೋಕನ್ ಸುರಿದೆ. ನೀನು ಮಗುವನ್ನೇ ಒಳಗೆ ಕಳಿಸಿದಿ!"

"ಸೋಲ್ಲಿಕ್ಕಾ? ಯಾಕಣ್ಣ?" ಮುರಾರಿ ಕಂಗಾಲು.

"ಯಾಕಾ? ಕಾಮೋಠೆಗೆ ಬಂದು ನೋಡು! ಆದಿತ್ಯವಾರ ಮನೆಯಲ್ಲೇ ಇರ್ತಾರೆ ಅಂತ ನನ್ನನ್ನು ಕಟ್ಟಡದ ಸೊಸೈಟಿಯ ಸೆಕ್ರೆಟರಿ ಮಾಡಿದ್ದಾರೆ. ಬೆಳಿಗ್ಗೆ ಹಲ್ಲುಜ್ಜುವ ಮೊದ್ಲೇ ಒಬ್ಬ ಬರ್ತಾನೆ, ಮೇಲಿನವರ ಬಾತ್‌ರೂಮ್ ಸೋರ್ತದೆ ಅಂತ. ಮೇಲಿನವ ಬರ್ತಾನೆ, ಸೋರುದಿಲ್ಲ ಅಂತ. ಪಾರ್ಕಿಂಗ್, ಟ್ಯಾಂಕರ್, ಪಾರಿವಾಳ! ಗಲ್ಲಾದಲ್ಲಿ ಕೂತ್ರೆ ಜನ ತಿಂದು, ದುಡ್ಡು ಕೊಟ್ಟು, ನಗಾಡಿ ಹೋಗ್ತಾರೆ. ಅಲ್ಲಿ ಬೈದು ಹೋಗ್ತಾರೆ. ಆದಿತ್ಯವಾರ ಡ್ಯೂಟಿ ಉಂಟು ಅಂದ್ರೆ ನಾಳೆಯೇ ರಾಜೀನಾಮೆ ಕೊಡಬಹುದಿತ್ತು!"

"ಹೇಳ್ಬಾರ್ದಿತ್ತಾ ಅಣ್ಣ?"

"ಹೇಗೆ ಹೇಳುದು? ಗೆದ್ದದ್ದನ್ನು ಕೊಡ್ಲಿಕ್ಕಿಲ್ಲ ಅಂತ ಅಪ್ಪಯ್ಯನ ಮಾತು. ಅಲ್ಲದೆ, ಸೆಕ್ರೆಟರಿ ಅಂತ ನಾನೇ ಎಲ್ಲರ ಹತ್ರ ಜಂಭ ಕೊಚ್ಚಿದ್ದೇನಲ್ಲ!"

ಎಲ್ಲರೂ ಗಲ್ಲಾದ ಕಡೆ ನೋಡಿದರು. ಅತ್ತೆ ವೇದಾವತಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. "ನಿಮ್ಮ ಅಪ್ಪಯ್ಯ ಹೇಳಿದ್ದು, ಗೆದ್ದವನಿಗೆ ಆದಿತ್ಯವಾರ ಅಂತ. ಅದನ್ನು ಮನೆಯಲ್ಲೇ ಕಳೀಬೇಕು ಅಂತ ಹೇಳ್ಲಿಲ್ಲ. ಆದಿತ್ಯವಾರ ನಿನ್ನದು ಮಧ್ವೇಶ. ಎಲ್ಲಿ ಕೂರ್ತಿ ಹೇಳು."

ಭಾವ ಒಂದು ಕ್ಷಣ ಯೋಚಿಸಿದರು. ಆಮೇಲೆ ಎದ್ದು, ನೇರ ಗಲ್ಲಾಕ್ಕೆ ಬಂದು, ತಾಯಿಯನ್ನು ಮೆಲ್ಲಗೆ ಕೆಳಗಿಳಿಸಿ, ಆ ಎತ್ತರದ ಕುರ್ಚಿಯನ್ನೇರಿ ಕೂತರು. "ಇಲ್ಲಿ" ಎಂದರು. ಅಂಥ ನೆಮ್ಮದಿಯ ಉಸಿರನ್ನು ಸುಮೇಧಾ ಆವರೆಗೆ ಕೇಳಿದ್ದು ಹೆರಿಗೆ ವಾರ್ಡಿನಲ್ಲಿ ಮಾತ್ರ. ಇನ್ನೊಮ್ಮೆ ಕೇಳಿದ್ದು ಮರುಕ್ಷಣದಲ್ಲೇ, ತನ್ನದೇ ಮೂಗಿನಿಂದ.

ಹೀಗೆ, ಪರಿಪೂರ್ಣವಾಗಿ ಆಡಿ ಸೋತ ಸುಮೇಧಾಳಿಗೆ, ಸೋಲಲು ಆಡಿ ಗೆದ್ದ ಭಾವನಿಂದ ಆದಿತ್ಯವಾರ ದೊರಕಿತು.

ಮೊದಲ ಆದಿತ್ಯವಾರ ಬೆಳಿಗ್ಗೆ ಅಪ್ಪಿಗೆ ಎಚ್ಚರವಾದಾಗ ಮುರಾರಿ ಎಣ್ಣೆ ಸ್ನಾನ ಮುಗಿಸಿ, ಹಳದಿ ಟವೆಲನ್ನು ತಲೆಗೆ ಮುಂಡಾಸಿನ ಹಾಗೆ ಸುತ್ತಿ, ದೋಸೆ ಎಬ್ಬಿಸುವ ಸಟ್ಟುಗವನ್ನು ರಾಜನ ಕತ್ತಿಯ ಹಾಗೆ ಕೈಯಲ್ಲಿ ನೆಟ್ಟಗೆ ಹಿಡಿದು, ಹಾಲ್‌ನಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಅಪ್ಪನಂತೆಯೇ ದಪ್ಪ ಮೀಸೆ. ಸುಮೇಧಾ ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದಳು. ಈಗ ಬರುತ್ತದೆ "ಅಂಕಲ್ ನಕೋ!"

ಅಪ್ಪಿ ಬಾಗಿಲಲ್ಲಿ ನಿಂತಳು. ಮುಂಡಾಸು ನೋಡಿದಳು, ಮೀಸೆ ನೋಡಿದಳು, ಕೈಯ ಸಟ್ಟುಗ ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿ, ಬಾಗಿ, ಚಾಮಿ ಮಾಡಿದಳು! ತಪ್ಪು ಹೆಜ್ಜೆ ಹಾಕುತ್ತ ಹೋಗಿ ಅವನ ಮಡಿಲೇರಿ, ಮೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಆರಾಮವಾಗಿ ಕೂತಳು.

ಮುರಾರಿಯ ಕಿವಿ ಕೆಂಪಾಯಿತು. ಕಣ್ಣೂ. ಸಟ್ಟುಗ ಹಿಡಿದ ಕೈ ಮಾತ್ರ ಅಲುಗಲಿಲ್ಲ. ಅಲುಗಿದರೆ ರಾಜ್ಯ ಹೋದೀತೆಂಬ ಭಯ.

"ನೋಡಿದ್ಯಾ? ನೋಡಿದ್ಯಾ?" ಎಂದು ಪಿಸುಗುಟ್ಟಿದ.

ನೋಡದೇ ಏನು! ಸುಮೇಧಾ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಮಣ್ಣಿಯ ಬಟ್ಟಲು ಹಿಡಿದು, ಸಂಸಾರದ ಈ ಚಿತ್ರದೊಳಗೆ ತಾನೂ ಸೇರಲು ಪಕ್ಕದಲ್ಲಿ ಕೂತಳು. "ಬಾ ಚಿನ್ನ, ಅಮ್ಮ ತಿನ್ನಿಸ್ತೇನೆ" ಎಂದು ಚಮಚ ಚಾಚಿದಳು. ಅಪ್ಪಿ ಅಮ್ಮನ ಮುಖವನ್ನು ಕ್ಷಣಕಾಲ ಪರೀಕ್ಷಿಸಿದಳು. ಆಮೇಲೆ ನೊಣ ಓಡಿಸುವ ಮಹಾರಾಣಿಯ ಹಾಗೆ, ಹಿಂಗೈಯಿಂದ, ಆ ಮುಖವನ್ನೇ ಆಚೆಗೆ ತಳ್ಳಿದಳು.

"ಛೆ ಛೆ ಛೆ" ಎಂದ ಮುರಾರಿ, "ನಿನ್ನನ್ನು ಎರಡರ ಎಲೆ ಮಾಡಿಬಿಟ್ಲಲ್ಲ ಮಾರಾಯ್ತಿ!"

"ಅವತ್ತು ರಾಜರನ್ನು ಸೋಲಿಸಿದ್ದು ಎರಡೇ, ನೆನಪಿರ್ಲಿ" ಎಂದಳು ಸುಮೇಧಾ. ಎಂದು, ಇನ್ನೊಮ್ಮೆ ಚಮಚ ಚಾಚಿದಳು. ಇನ್ನೊಮ್ಮೆ ಹಿಂಗೈ. ಇಂಥ ಜೋಡಿಯ ಎದುರು ಹೇಗೆ ಆಡಬೇಕೆಂದು ನೀಲಿ ಟೋಪಿಯ ಮಾಸ್ತರರು ಎಲ್ಲೂ ಹೇಳಿರಲಿಲ್ಲ. ಬಟ್ಟಲನ್ನು ಗಂಡನ ಕೈಗೆ ಕೊಟ್ಟು, ಸೋಲೊಪ್ಪಿ, ಎಲೆ ಮಡಚಿ, ಕಾಫಿಯ ಲೋಟ ಹಿಡಿದು ಬಾಲ್ಕನಿಗೆ ಹೋಗಿ ಕಾಲು ಚಾಚಿ ಕೂತಳು. ಲೋಟ ಎತ್ತಿ ಒಂದು ಗುಟುಕು ಕುಡಿದವಳೇ ಬೆಚ್ಚಿಬಿದ್ದಳು.

ಕಾಫಿ ಬಿಸಿಯಾಗಿತ್ತು! ಅಪ್ಪಿ ಹುಟ್ಟಿದ ಮೇಲೆ ಇದೇ ಮೊದಲು.